ಮೊದಲು ವಾಟ, ಆಮೇಲೆ ಟೈಲ್ಸ್

ಹಳೆಯ ಮನೆಗಳ ಬಚ್ಚಲು ನೆಲಕ್ಕೆ ಅಂಟಿಕೊಂಡೇ ಇರುತ್ತಿತ್ತು. ಕಲ್ಲುಚಪ್ಪಡಿ, ಮೂಲೆಯಲ್ಲಿ ಹಂಡೆ, ಗೋಡೆಯಡಿಯ ತೂತಿನಿಂದ ಹೊರಟ ನೀರು ಸೀದಾ ಹಿತ್ತಲ ಬಾಳೆಯ ಬುಡಕ್ಕೆ. ಚಪ್ಪಡಿ ಸಂದಿನಲ್ಲಿ ಒಂದಿಷ್ಟು ನೀರು ಇಳಿದರೂ ಮಣ್ಣಿಗೇ ಇಳಿಯುತ್ತಿತ್ತು, ಯಾರ ತಕರಾರೂ ಇರಲಿಲ್ಲ. ಈಗ ಒಬ್ಬರ ಬಚ್ಚಲು ಇನ್ನೊಬ್ಬರ ಮಲಗುವ ಕೋಣೆಯ ನೆತ್ತಿಯ ಮೇಲಿದೆ. ಕೆಳಗಿನವರ ಚಾವಣಿಯಲ್ಲಿ ಹಳದಿ ಕಲೆ ಎದ್ದರೆ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಮೇಲಿನವರ ಹೊಸ ಟೈಲ್ಸ್ ಒಡೆಯುವಲ್ಲಿಗೆ ಬಂದು ನಿಲ್ಲುತ್ತದೆ. ಟೈಲ್ಸ್ ಮೇಸ್ತ್ರಿಯ ಕಸುಬಿಗೆ ತೂಕ ಬಂದದ್ದು ಹೀಗೆ.

ಮನೆ ಕಟ್ಟಿಸುವವರ ಉತ್ಸಾಹವೆಲ್ಲ ಷೋರೂಮಿನಲ್ಲೇ ಖರ್ಚಾಗಿರುತ್ತದೆ. ಗುಜರಾತಿನ ಮೋರ್ಬಿಯಿಂದ ಬಂದ ಟೈಲ್ಸ್‌ಗಳ ಸಾಲಿನ ಮುಂದೆ ನಿಂತು ತಿಳಿಬೂದಿಯೋ ಕೆನೆಬಣ್ಣವೋ ಎಂದು ಅರ್ಧ ದಿನ ಚರ್ಚೆ ನಡೆಯುತ್ತದೆ. ಟೈಲ್ಸ್ ಹಾಕಿದ ಮೇಲೆ ನೀರು ಎಲ್ಲಿ ಇಳಿದೀತು ಎಂಬ ಧೈರ್ಯ ಬೇರೆ. ಈ ಧೈರ್ಯಕ್ಕೆ ಆಧಾರವಿಲ್ಲ. ಗೋಡೆಗೆ ಹಾಕುವ ಮಾಮೂಲಿ ಸೆರಾಮಿಕ್ ಟೈಲ್ಸ್‌ನ ಮೈ ತನ್ನ ತೂಕದ ಶೇ 10ಕ್ಕಿಂತ ಹೆಚ್ಚು ನೀರು ಹೀರಬಲ್ಲದು. ವಿಟ್ರಿಫೈಡ್ ಟೈಲ್ಸ್ ಶೇ 0.5ನ್ನೂ ಹೀರುವುದಿಲ್ಲ, ನಿಜ. ಆದರೆ ಅದರ ಸಂದುಗಳು ಹೀರುತ್ತವೆ. ನೀರನ್ನು ತಡೆಯುವುದು ಕೆಳಗಿನ ವಾಟರ್‌ಪ್ರೂಫಿಂಗ್; ಟೈಲ್ಸ್ ಅದರ ಮೇಲಿನ ಹೊದಿಕೆ.

ಆದ್ದರಿಂದ ಒಳ್ಳೆಯ ಮೇಸ್ತ್ರಿ ಬಂದ ಕೂಡಲೇ ಟೈಲ್ಸ್ ಪೆಟ್ಟಿಗೆ ಬಿಚ್ಚುವುದಿಲ್ಲ. ಗೋಡೆಯೊಳಗಿನ ಪೈಪುಗಳಿಗೆ ಒತ್ತಡ ಕೊಟ್ಟು ನೋಡಿದ್ದಾರಾ ಎಂದು ಮೊದಲು ಪ್ಲಂಬರನ್ನು ಕೇಳುತ್ತಾನೆ. ನಂತರ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಸುತ್ತ, ಪೈಪು ಹೊರಬಂದ ಕಡೆ, ನೆಲ ಗೋಡೆ ಕೂಡುವ ಮೂಲೆಗಳಲ್ಲಿ ಗಾರೆ ತುಂಬಿ ಗುಂಡಗೆ ತಿದ್ದಿ, ಫೈಬರ್ ಜಾಲರಿ ಕೂರಿಸಿ, ಸಿಮೆಂಟು–ಪಾಲಿಮರ್ ಲೇಪನ ಬಳಿಸುತ್ತಾನೆ. ಎರಡನೆಯ ಕೈ ಮೊದಲನೆಯದಕ್ಕೆ ಅಡ್ಡವಾಗಿ ಬರಬೇಕು. ಶವರ್ ಬೀಳುವ ಗೋಡೆಗೆ ಇದು ಆಳೆತ್ತರ ಏರಬೇಕು. ಒಣಗಿದ ಮೇಲೆ ಟ್ರ್ಯಾಪ್ ಬಾಯಿ ಮುಚ್ಚಿ, ನೆಲದ ತುಂಬ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಕಡಿಮೆಯೆಂದರೆ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡಬೇಕು. ಕೆಳಗಿನ ಮನೆಯ ಚಾವಣಿಯನ್ನೂ ಹೋಗಿ ನೋಡಬೇಕು. ಹಣ ಉಳಿಸುವ ನೆಪದಲ್ಲಿ ಮೊದಲು ಕೈಬಿಡುವುದು ನೀರು ನಿಲ್ಲಿಸುವ ಈ ಪರೀಕ್ಷೆಯನ್ನೇ. ಖರ್ಚಾಗುವುದು ಬರೀ ನೀರು ಎಂದರೂ ಕೇಳುವವರಿಲ್ಲ.

ಇನ್ನು ವಾಟ. ಸ್ನಾನದ ಜಾಗದಲ್ಲಿ ಅಡಿಗೆ ಕಾಲು ಇಂಚು ಇಳಿಜಾರು ಇದ್ದರೆ ನೀರು ನಿಲ್ಲದೆ ಓಡುತ್ತದೆ. ಇದನ್ನು ಟೈಲ್ಸ್ ಕೂರಿಸುವಾಗ ಕುಟ್ಟಿ ತಗ್ಗಿಸಿ ತರಲು ಆಗುವುದಿಲ್ಲ, ಕೆಳಗಿನ ಗಾರೆಯಲ್ಲೇ ಬಂದಿರಬೇಕು. ಎರಡಡಿ ಚದರದ ದೊಡ್ಡ ಟೈಲ್ಸನ್ನು ಶವರ್ ಕೆಳಗೆ ಹಾಕಬೇಕೆಂಬ ಆಸೆಗೆ ಇಲ್ಲೇ ಪೆಟ್ಟು ಬೀಳುವುದು: ಟ್ರ್ಯಾಪ್ ನಡುವಿನಲ್ಲಿದ್ದರೆ ನಾಲ್ಕೂ ಕಡೆಯಿಂದ ವಾಟ ಬರಬೇಕು, ದೊಡ್ಡ ಟೈಲ್ಸ್ ಬಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಸೀಳಬೇಕಾಗುತ್ತದೆ. ಒಂದಡಿಯ ಒರಟು ಮೈಯ ಟೈಲ್ಸ್ ಕಾಲಿಗೂ ಹಿಡಿತ, ವಾಟಕ್ಕೂ ಸಲೀಸು. ದೊಡ್ಡದೇ ಬೇಕೆನ್ನುವವರು ಗೋಡೆಯುದ್ದದ ಚಾನೆಲ್ ಡ್ರೇನ್ ಹಾಕಿಸಿದರೆ ವಾಟ ಒಂದೇ ದಿಕ್ಕಿಗೆ ಕೊಟ್ಟರೆ ಸಾಕು.

ಕಸುಬಿನ ಅಂದ ಕಾಣುವುದು ಲೆಕ್ಕದಲ್ಲಿ. ಗೋಡೆ ಐದು ಅಡಿ ಎರಡು ಇಂಚು ಅಗಲವಿದೆ, ಅಂದರೆ 1575 ಮಿ.ಮೀ. ಟೈಲ್ಸ್ 300 ಮಿ.ಮೀ., ಸಂದು 2 ಮಿ.ಮೀ. ಅಂದುಕೊಳ್ಳಿ. ಒಂದು ಮೂಲೆಯಿಂದ ಶುರು ಮಾಡಿದವನಿಗೆ ಐದು ಇಡೀ ಟೈಲ್ಸ್ ಆಗಿ ಕೊನೆಯಲ್ಲಿ 65 ಮಿ.ಮೀ. ಪಟ್ಟಿ ಉಳಿಯುತ್ತದೆ, ಬಾಗಿಲು ತೆರೆದವರ ಕಣ್ಣು ಅಲ್ಲಿಗೇ ಹೋಗುತ್ತದೆ. ಬಲ್ಲವನು ಗೋಡೆಯ ನಡುಗೆರೆ ಹಿಡಿದು ನಾಲ್ಕು ಇಡೀ ಟೈಲ್ಸ್ ಇಟ್ಟು, ಎರಡೂ ಮೂಲೆಗೆ 180 ಮಿ.ಮೀ. ದಾಟಿದ ಸಮ ತುಂಡು ಬರುವಂತೆ ಮಾಡುತ್ತಾನೆ. ಒಂದು ಟೈಲ್ಸ್ ಹೆಚ್ಚು ಖರ್ಚಾಗಬಹುದು, ಆಗಲಿ. ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್ ಸರಿಯಾಗಿ ಸಂದಿನ ಮೇಲೋ ಟೈಲ್ಸಿನ ನಡುವಿಗೋ ಬೀಳುವಂತೆ, ಸೋಪಿನ ಗೂಡಿನ ಅಂಚು ಸಂದಿಗೆ ಕೂಡುವಂತೆ ನೋಡಿಕೊಳ್ಳುವುದೂ ಇದೇ ಲೆಕ್ಕದ ಭಾಗ. ಈ ಮಾತುಕತೆ ಪ್ಲಂಬರ್ ಗೋಡೆ ಕೊರೆಯುವ ಮುಂಚೆ ಆಗಬೇಕು.

ಕೆಳಗಿನ ಮೊದಲ ಸಾಲನ್ನು ಕೊನೆಗೆ ಹಾಕುವುದು ನೋಡಿದವರಿಗೆ ವಿಚಿತ್ರ ಅನ್ನಿಸಬಹುದು. ರಸಮಟ್ಟ ಇಟ್ಟು ಎರಡನೆಯ ಸಾಲಿನ ಅಡಿಗೆ ಒಂದು ನೇರ ಪಟ್ಟಿ ಹೊಡೆದು, ಅಲ್ಲಿಂದ ಮೇಲಕ್ಕೆ ಕಟ್ಟುತ್ತಾ ಹೋಗುತ್ತಾರೆ. ನೆಲ ಮುಗಿದ ಮೇಲೆ ಅದರ ವಾಟಕ್ಕೆ ತಕ್ಕಂತೆ ಕೊರೆದ ಸಾಲು ನೆಲದ ಟೈಲ್ಸಿನ ಮೇಲೆ ಬಂದು ಕೂರುತ್ತದೆ. ಗೋಡೆಯ ನೀರು ಆಗ ಸಂದಿಗೆ ನುಗ್ಗದೆ ನೆಲಕ್ಕೆ ಜಾರುತ್ತದೆ.

ಅಂಟಿನ ವಿಷಯದಲ್ಲಿ ನಮ್ಮ ಊರುಗಳಲ್ಲಿ ಹಳೆಯ ಚಾಳಿ ಇನ್ನೂ ಬಿಟ್ಟಿಲ್ಲ. ಟೈಲ್ಸಿನ ಬೆನ್ನಿಗೆ ನಾಲ್ಕು ಮೂಲೆ, ನಡುವೆ ಒಂದು ಎಂದು ಐದು ಮುದ್ದೆ ಒತ್ತಿ ಗೋಡೆಗೆ ಬಡಿಯುತ್ತಾರೆ. ಮುದ್ದೆಗಳ ನಡುವೆ ಟೊಳ್ಳು ಉಳಿಯುತ್ತದೆ, ಅಲ್ಲಿ ನೀರು ಕೂರುತ್ತದೆ. ಸೆರಾಮಿಕ್ ಟೈಲ್ಸ್ ನೀರಲ್ಲಿ ನೆನೆಹಾಕಿ ಸಿಮೆಂಟಿನಲ್ಲಿ ಕೂರಿಸಿದರೆ ನಿಂತೀತು. ನೀರು ಹೀರದ ವಿಟ್ರಿಫೈಡ್‌ಗೆ ಸಿಮೆಂಟು ಸರಿಯಾಗಿ ಕಚ್ಚುವುದಿಲ್ಲ, ಅಂಟೇ ಬೇಕು. ಇದಕ್ಕೆ ಐಎಸ್ 15477 ಎಂಬ ಮಾನದಂಡವಿದೆ, ಚೀಲದ ಮೇಲೆ ನೋಡಿಯೇ ಕೊಳ್ಳಿ. ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಎಳೆದು ಪೂರ್ತಿ ಹರಡಬೇಕು. ಮರುದಿನ ನಾಣ್ಯದಿಂದ ಒಂದೊಂದನ್ನೂ ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ಆಗಲೇ ತೆಗೆಸಿ.

ಸಂದು ಬಿಡದೆ ಒತ್ತೊತ್ತಾಗಿ ಹಾಕಿಸಿ ಬಿಳಿ ಸಿಮೆಂಟು ಒರೆಸುವ ಕಾಲ ಮುಗಿಯಿತು. ಸ್ಪೇಸರ್ ಇಟ್ಟು ಎರಡು–ಮೂರು ಮಿ.ಮೀ. ಬಿಡಿಸಿ, ಶವರ್ ಜಾಗಕ್ಕಾದರೂ ಎಪಾಕ್ಸಿ ತುಂಬಿಸಿ. ಅದು ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿ, ಕೂಡಲೇ ಒರೆಸುತ್ತಾ ಹೋಗಬೇಕು. ಗೋಡೆಗೆ ಗೋಡೆ ಸೇರುವ ಮೂಲೆಗೆ ಮಾತ್ರ ಸಿಲಿಕೋನ್. ಎರಡು ಗೋಡೆಗಳು ಒಂದೇ ಸಮ ಹಿಗ್ಗಿ ಕುಗ್ಗುವುದಿಲ್ಲ, ಸಂದು ತುಂಬುವ ಗಟ್ಟಿ ಗ್ರೌಟ್ ಅಲ್ಲಿ ಬಿರುಕು ಬಿಡುತ್ತದೆ. ಬೋರ್‌ವೆಲ್ ನೀರಿನ ಮನೆಯವರಿಗೆ ಇನ್ನೊಂದು ಮಾತು: ಕಪ್ಪು ಹೊಳಪಿನ ಟೈಲ್ಸ್ ಕೊಳ್ಳಬೇಡಿ, ಗಡಸು ನೀರಿನ ಬಿಳಿ ಕಲೆ ತಿಂಗಳೊಳಗೆ ಕಾಣುತ್ತದೆ. ಅದನ್ನು ತೆಗೆಯಲು ಆ್ಯಸಿಡ್ ಸುರಿದರೆ ಸಿಮೆಂಟಿನ ಸಂದು ಕರಗುತ್ತದೆ.

ಚದರಡಿ ಲೆಕ್ಕದ ಕೂಲಿಗೆ ಮೇಸ್ತ್ರಿಯ ಅವಸರ ಸಹಜ. ವಾಟ, ನೀರು ನಿಲ್ಲಿಸುವ ಪರೀಕ್ಷೆ, ಸಂದು ತುಂಬುವ ಕೆಲಸಗಳಿಗೆ ಬೇರೆಯಾಗಿ ಮಾತಾಡಿ ದುಡ್ಡು ಕೊಡಿ. ಟೈಲ್ಸ್ ತರುವಾಗ ಶೇ 10ರಷ್ಟು ಹೆಚ್ಚು ತನ್ನಿ, ಪೆಟ್ಟಿಗೆಗಳ ಮೇಲಿನ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ನೋಡಿ. ಉಳಿದ ಪೆಟ್ಟಿಗೆಯನ್ನು ಅಂಗಡಿಗೆ ವಾಪಸ್ ಕೊಡಬೇಡಿ, ಅಟ್ಟಕ್ಕೆ ಹಾಕಿ. ನಾಲ್ಕು ವರ್ಷ ಬಿಟ್ಟು ಹುಡುಕಿದರೆ ಅದೇ ಬಣ್ಣದ ಛಾಯೆ ಸಿಗುವುದು ಕಷ್ಟ.