ಭಜಿ ಕಟ್ಟಿದ ಕಾಗದದ ಮೇಲೆ ಒಂದು ಹೆಸರು

ಹೋದ ಮಳೆಗಾಲದಲ್ಲಿ ಖಾನಾಪುರ ಬಸ್ ನಿಲ್ದಾಣದ ಬಳಿ ಮಿರ್ಚಿ ಭಜಿ ಕಟ್ಟಿಸಿಕೊಂಡಿದ್ದೆ. ತಿಂದು ಕಾಗದ ಮುದುಡುವಾಗ ಎಣ್ಣೆಯಲ್ಲಿ ನೆನೆದ ಒಂದು ಮುಖ ಕಂಡಿತು. ಆಧಾರ್ ಕಾರ್ಡಿನ ಝೆರಾಕ್ಸ್. ಹೆಂಗಸಿನ ಹೆಸರು, ಗಂಡನ ಹೆಸರು, ಹುಟ್ಟಿದ ತಾರೀಕು, ಊರು, 12 ಅಂಕಿಗಳ ಸಂಖ್ಯೆ, ಕೆಳಗೆ ಪೆನ್ನಿನಲ್ಲಿ ಬರೆದ ಮೊಬೈಲ್ ನಂಬರ್, ಸಹಿ. ಯಾವುದೋ ಕೆಲಸಕ್ಕೆಂದು ಆಕೆ ಕೊಟ್ಟ ಪ್ರತಿ ರದ್ದಿಗೆ ಬಿದ್ದು ಭಜಿ ಗಾಡಿಗೆ ಬಂದಿತ್ತು. ಅಲ್ಲೇ ಎಸೆಯಲು ಮನಸ್ಸು ಬರಲಿಲ್ಲ. ಬೆಳಗಾವಿಗೆ ತಂದು ಸುಟ್ಟು ಹಾಕಿದೆ.

ಮನೆತನದ ವಿವರ ಬರೆದಿಟ್ಟುಕೊಂಡೇ ಹೊಟ್ಟೆ ಹೊರೆಯುವವರು ನಮ್ಮ ಸೀಮೆಯಲ್ಲಿ ಮೊದಲೂ ಇದ್ದರು. ಖಾನಾಪುರ ತಾಲ್ಲೂಕಿನ ಇಟಗಿಯಲ್ಲಿ ನಮ್ಮ ಅಜ್ಜಿಯ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನೊಡನೆ ಬರುತ್ತಿದ್ದ. ಕಟ್ಟೆಯ ಮೇಲೆ ಕೂತು ಚೋಪಡಿ ಬಿಚ್ಚಿ, ಮುತ್ತಜ್ಜನ ಅಪ್ಪನಿಂದ ಶುರುಮಾಡಿ ಯಾರಿಗೆ ಯಾರು ಹುಟ್ಟಿದರು, ಯಾವ ಊರು ಬಿಟ್ಟು ಎಲ್ಲಿಗೆ ಬಂದರು ಎಂದು ಏರುದನಿಯಲ್ಲಿ ಹೇಳುತ್ತಿದ್ದ. ಕೊನೆಗೆ ಹೊಸ ಕೂಸಿನ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದ. ಹೆಸರು ತಪ್ಪಿದರೆ ಅಜ್ಜಿ ಒಳಗಿನಿಂದಲೇ ಕೂಗಿ ತಿದ್ದುತ್ತಿದ್ದಳು, ಆಮೇಲೆ ಮೊರದ ತುಂಬ ಜೋಳ ತಂದು ಸುರಿಯುತ್ತಿದ್ದಳು. ಇಷ್ಟೆಲ್ಲ ಬಲ್ಲ ಆತನ ಬಗ್ಗೆ ಮನೆಯಲ್ಲಿ ಯಾರಿಗೂ ಅಂಜಿಕೆ ಇರಲಿಲ್ಲ. ನಮ್ಮ ವಿವರವನ್ನು ನಮ್ಮ ಅಂಗಳದಲ್ಲೇ ಓದುತ್ತಿದ್ದ, ಕಾಳು ಕೊಡುವವರೂ ನಾವೇ ಆಗಿದ್ದೆವು.

ಕಾಳು ಕೊಡುವವರು ಬೇರೆಯವರಾದಾಗ ಈ ಕಸುಬಿನ ಸ್ವರೂಪವೇ ಬದಲಾಯಿತು. ಅಮೆರಿಕದ ಚಟನೂಗಾ ಎಂಬ ಊರಿನಲ್ಲಿ ಕೇಟರ್ ವುಲ್ಫೋರ್ಡ್ ಎಂಬ ಕಿರಾಣಿ ವ್ಯಾಪಾರಿಯಿದ್ದ. ಯಾವ ಗಿರಾಕಿ ಉದ್ರಿ ಸರಿಯಾಗಿ ತೀರಿಸುತ್ತಾನೆ, ಯಾರು ಸತಾಯಿಸುತ್ತಾರೆ ಎಂದು ಪಟ್ಟಿ ಮಾಡಿ ಬೇರೆ ಅಂಗಡಿಕಾರರಿಗೆ ಮಾರಿದ. 1899ರಲ್ಲಿ ಸಹೋದರ ಗೈ ಜೊತೆ ಅಟ್ಲಾಂಟಾದಲ್ಲಿ ಅದನ್ನೇ ಕಂಪನಿ ಮಾಡಿದ. ಇಂದಿನ ಈಕ್ವಿಫ್ಯಾಕ್ಸ್ ಅದೇ. ಬೆಳಗಾವಿಯ ರವಿವಾರ ಪೇಟೆಯಲ್ಲೂ ಉದ್ರಿ ಚೋಪಡಿಗಳಿದ್ದವು. ಯಾರ ಬಾಕಿ ಎಷ್ಟೆಂಬ ಮಾತು ಅಂಗಡಿಯಿಂದ ಅಂಗಡಿಗೆ ಹೋಗಿದ್ದೀತು, ಚೋಪಡಿ ಮಾತ್ರ ಗಲ್ಲಾಪೆಟ್ಟಿಗೆಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. 1969ರಲ್ಲಿ ಅರ್ಕಾನ್ಸಾದ ಚಾರ್ಲ್ಸ್ ವಾರ್ಡ್ ಎಂಬ ಬಸ್ ತಯಾರಕ ಟೆಲಿಫೋನ್ ಡೈರೆಕ್ಟರಿಯ ಹೆಸರುಗಳನ್ನು ಕಂಪ್ಯೂಟರಿಗೆ ಹಾಕಿಸಿದ, ರಾಜಕೀಯ ಪಕ್ಷದ ಟಪಾಲು ಕಳಿಸಲಿಕ್ಕೆ. ಮುಂದೆ ಅದು ಆಕ್ಸಿಯಂ ಆಗಿ ಕೋಟಿಗಟ್ಟಲೆ ಜನರ ವಿವರ ಮಾರುವಷ್ಟು ಬೆಳೆಯಿತು. ನಮ್ಮಲ್ಲಿ ಸಾಲದ ಲೆಕ್ಕ ಇಡುವ ಸಿಬಿಲ್ 2000ದಲ್ಲಿ ಬಂತು, ಅಂಥ ಕಂಪನಿಗಳಿಗೆ 2005ರಲ್ಲಿ ಕಾಯ್ದೆಯೂ ಬಂತು. ಉಳಿದ ಪಟ್ಟಿಗಳಿಗೆ ಆ ಲಗಾಮು ಬೀಳಲಿಲ್ಲ.

ಮಗಳ ಪಿಯುಸಿ ಫಲಿತಾಂಶ ಬಂದ ಮರುದಿನ ಟಿಳಕವಾಡಿಯ ನಮ್ಮ ಮನೆಗೆ ಕರೆ ಮೇಲೆ ಕರೆ. ಅವಳ ಹೆಸರು ಗೊತ್ತು, ಓದಿದ ವಿಷಯ ಗೊತ್ತು. ‘ನಂಬರ್ ಎಲ್ಲಿಂದ ಸಿಕ್ತು?’ ಎಂದೆ. ‘ಡೇಟಾ ಬಂದೈತ್ರಿ ಸರ್’ ಎಂದ ಕರೆ ಮಾಡಿದ ಹುಡುಗ. ಯಾರು ಕೊಟ್ಟರೆಂಬುದು ಪಾಪ ಅವನಿಗೂ ಗೊತ್ತಿರಲಿಲ್ಲ. ಈ ವ್ಯಾಪಾರದಲ್ಲಿ ನನಗೆ ಹೆಚ್ಚು ನೋವು ತರುವುದು ಇದೇ. ತಿದ್ದಿಸಲು, ಬೈಯಲು, ಬೇಡವೆನ್ನಲು ಎದುರಿಗೆ ಒಬ್ಬ ಮನುಷ್ಯ ಸಿಗುವುದಿಲ್ಲ.

ಕೇಡು ಬರೀ ಕಿರಿಕಿರಿಯಲ್ಲಿ ನಿಲ್ಲುವುದಿಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಯಿಂದ ಒಟಿಪಿಯೂ ಇಲ್ಲದೆ ಹಣ ಹೋಯಿತು. ನೋಂದಣಿ ಪತ್ರದ ನಕಲಿನಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಆ ಗುರುತಿನ ಅಚ್ಚು ತೆಗೆದು, ಆಧಾರ್ ಮೂಲಕ ಹಣ ಕೊಡುವ ಯಂತ್ರಕ್ಕೆ ಒತ್ತಿದ್ದರು. ಹೊಲ ಕೊಂಡದ್ದಕ್ಕೆ ಸಾಕ್ಷಿಯಾಗಿ ಒತ್ತಿದ ಹೆಬ್ಬೆಟ್ಟು ಖಾತೆಯ ಬೀಗದ ಕೈಯಾಯಿತು. ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನು ಬದಲಿಸಲಾದೀತೆ? ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಬೆರಳಚ್ಚಿಗೆ ಲಾಕ್ ಹಾಕುವ ಸೌಲಭ್ಯವಿದೆ. ಓದುಗರು ಇವತ್ತೇ ಹಾಕಲಿ ಎಂದು ಕಳಕಳಿಯಿಂದ ಕೇಳುತ್ತೇನೆ.

ಖಾಸಗಿತನ ಮೂಲಭೂತ ಹಕ್ಕೆಂದು ದೇಶಕ್ಕೆ ಹೇಳಿಸಿದವರು ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ವಯಸ್ಸು 80 ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿಯಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆ ಜಾರಿಯಾಗಲು 18 ತಿಂಗಳ ಗಡುವಿದೆ. ಯಾವ ಉದ್ದೇಶಕ್ಕೆ ಒಪ್ಪಿಗೆ ಕೊಟ್ಟೆವೋ ಅದಕ್ಕಷ್ಟೇ ವಿವರ ಬಳಸಬೇಕು ಎನ್ನುತ್ತದೆ ಕಾಯ್ದೆ. ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕು. ಕನ್ನಡ, ಮರಾಠಿ, ಕೊಂಕಣಿ ಮೂರೂ ಓಡಾಡುವ ಖಾನಾಪುರಕ್ಕೆ ಇದು ಸಣ್ಣ ಮಾತಲ್ಲ. ಆದರೆ ಕಾಗದವಾಗಿಯೇ ಉಳಿದ ವಿವರಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅದು ಕಂಪ್ಯೂಟರ್ ಸೇರಿದರೆ ಮಾತ್ರ ಅನ್ವಯ. ಭಜಿ ಕಟ್ಟಿದ ಆ ಹಾಳೆ ಇದರ ಹೊರಗೇ ಉಳಿಯಿತು.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಝೆರಾಕ್ಸ್ ಎಲ್ಲರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ತಿಳಿದುಕೊಂಡಾರು ಎಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆದರು. ಆ ಬುದ್ಧಿಮಾತು ಒಳ್ಳೆಯದೇ ಇತ್ತು, ಉಳಿಯಬೇಕಿತ್ತು.

ಮೊನ್ನೆ ಖಾನಾಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ವಯಸ್ಸಾದ ಒಬ್ಬ ಅವ್ವ ತನ್ನ ಆಧಾರ್ ಪ್ರತಿಯ ಮೇಲೆ ಅಡ್ಡಡ್ಡವಾಗಿ ‘ಪಿಂಚಣಿಗೆ ಮಾತ್ರ’ ಎಂದು ಬರೆದು ತಾರೀಕು ಹಾಕುತ್ತಿದ್ದಳು. ‘ಹಂಗ ಬರದ್ರ ಆಫೀಸಿನ್ಯಾಗ ತಗೋಳಂಗಿಲ್ರಿ ಅವ್ವಾರ’ ಎಂದ ಅಂಗಡಿಯ ಹುಡುಗ.

‘ತಗೋಳಿಲ್ಲಂದ್ರ ಹೊಳ್ಳಿ ತರ್ತೀನಿ ಬಿಡಪಾ. ಮೊದ್ಲ ಒಂದು ಕರೀದು ಹೊಡದಿದ್ದೆಲ್ಲ, ಅದನ್ನ ಎಲ್ಲಿ ಒಗದಿ?’

ಹುಡುಗ ಮಷಿನ್ ಕೆಳಗಿನ ರಟ್ಟಿನ ಡಬ್ಬಿಯಲ್ಲಿ ಕೈಯಾಡಿಸಿ ಆ ಮಸಿ ಹಾಳೆಯನ್ನು ಹುಡುಕಿ ಕೊಟ್ಟ. ಅವ್ವ ಕನ್ನಡಕ ಏರಿಸಿ ತನ್ನದೇ ಹೌದೋ ಅಲ್ಲವೋ ನೋಡಿದಳು. ನಾಲ್ಕು ತುಂಡು ಮಾಡಿ ಕೈಚೀಲಕ್ಕೆ ಹಾಕಿಕೊಂಡು, ನಾಲ್ಕು ರೂಪಾಯಿ ಎಣಿಸಿಟ್ಟು ಹೊರಟಳು.