ವೆನಿಸ್ ಮತ್ತು ರೋಮ್: ಇಟಲಿಯ ಏಕೀಕರಣದ ಕೊನೆಯ ಹಂತ

ಇಟಲಿಯ ಏಕೀಕರಣವೆಂದೊಡನೆ ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ನೆನಪಾಗುವವರು ಮೂವರು. ಮ್ಯಾಜಿನಿ ಆ ರಾಷ್ಟ್ರದ ಆತ್ಮ, ಕವೂರ್ ಅದರ ಮೆದುಳು, ಗ್ಯಾರಿಬಾಲ್ಡಿ ಅದರ ಖಡ್ಗ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಮಾತೇನೋ ಅಂದವಾಗಿದೆ. ಆದರೆ 1861ರ ಮಾರ್ಚ್ 17ರಂದು ಇಟಲಿ ರಾಜ್ಯದ ಘೋಷಣೆಯಾದ ಮೇಲೆ ನಡೆದುದನ್ನು ನೋಡಿರಿ. ಮೂರು ತಿಂಗಳು ತುಂಬುವ ಮೊದಲೇ, ಜೂನ್ 6ರಂದು, ಕವೂರ್ ತೀರಿಕೊಂಡನು. ಮರುವರ್ಷ ಗ್ಯಾರಿಬಾಲ್ಡಿ ತನ್ನ ದೇಶದ ಸೈನಿಕರ ಗುಂಡಿನಿಂದಲೇ ಗಾಯಗೊಂಡು ಸೆರೆಯಾದನು. 1870ರಲ್ಲಿ ರೋಮ್ ನಗರವು ಇಟಲಿಯ ವಶವಾದ ದಿನ ಮ್ಯಾಜಿನಿ ಅದೇ ಇಟಲಿಯ ಸೆರೆಮನೆಯಲ್ಲಿದ್ದನು. ಮೆದುಳು ಮಡಿದು, ಖಡ್ಗ ಮೊಂಡಾಗಿ, ಆತ್ಮ ಬಂಧನದಲ್ಲಿದ್ದಾಗ ಏಕೀಕರಣವು ಪೂರ್ಣವಾಯಿತು! ಅದು ಹೇಗೆ ಸಾಧ್ಯವಾಯಿತು, ಅದರಿಂದ ಯಾರಿಗೆ ಏನು ದೊರೆಯಿತು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಉಳಿದಿದ್ದ ಎರಡು ಭಾಗಗಳು

ಮೊದಲು ಹಿಂದಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. 1859ರಲ್ಲಿ ಪೀಡ್‌ಮಾಂಟ್ ರಾಜ್ಯವು ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ನೆರವಿನಿಂದ ಆಸ್ಟ್ರಿಯಾದೊಡನೆ ಯುದ್ಧ ಹೂಡಿತು. ಮಜೆಂಟಾ ಮತ್ತು ಸೊಲ್ಫೆರಿನೊ ಕಾಳಗಗಳಲ್ಲಿ ಜಯ ದೊರೆತು ಲೊಂಬಾರ್ಡಿ ಕೈಸೇರಿತು. ಆದರೆ ನೆಪೋಲಿಯನ್ ನಡುದಾರಿಯಲ್ಲೇ ವಿಲಾಫ್ರಾಂಕದಲ್ಲಿ ಕದನವಿರಾಮ ಮಾಡಿಕೊಂಡುದರಿಂದ ವೆನೀಷಿಯಾ ಪ್ರಾಂತವು ಆಸ್ಟ್ರಿಯಾದ ಬಳಿಯೇ ಉಳಿಯಿತು. ಮುಂದಿನ ವರ್ಷ ಮಧ್ಯ ಇಟಲಿಯ ಸಂಸ್ಥಾನಗಳು ಜನಮತದ ಮೂಲಕ ಪೀಡ್‌ಮಾಂಟನ್ನು ಸೇರಿದುವು. ಗ್ಯಾರಿಬಾಲ್ಡಿಯು ಸಾವಿರದಷ್ಟು ಸ್ವಯಂಸೇವಕರೊಡನೆ ಹೊರಟು ಸಿಸಿಲಿಯನ್ನೂ ನೇಪಲ್ಸನ್ನೂ ಗೆದ್ದು ದೊರೆ ವಿಕ್ಟರ್ ಎಮ್ಯಾನ್ಯುಯೆಲ್ಲನಿಗೆ ಒಪ್ಪಿಸಿದನು. ಇದಕ್ಕೆಲ್ಲ ಬೆಲೆಯಾಗಿ ಸವಾಯ್ ಮತ್ತು ನೀಸ್ ಫ್ರಾನ್ಸಿನ ಪಾಲಾದುವು. ನೀಸ್ ಗ್ಯಾರಿಬಾಲ್ಡಿ ಹುಟ್ಟಿದ ಊರು. ರಾಜ್ಯವನ್ನು ಗೆದ್ದುಕೊಟ್ಟವನಿಗೆ ತನ್ನ ಹುಟ್ಟೂರೇ ಪರದೇಶವಾಯಿತು.

ಹೀಗೆ ಹುಟ್ಟಿದ ಹೊಸ ರಾಜ್ಯದಲ್ಲಿ ಸುಮಾರು 2 ಕೋಟಿ 20 ಲಕ್ಷ ಜನರಿದ್ದರು. ಹೊರಗೆ ಉಳಿದ ಮುಖ್ಯ ಭಾಗಗಳು ಎರಡು: ವೆನೀಷಿಯಾ, ಮತ್ತು ಪೋಪನ ಆಳ್ವಿಕೆಯಲ್ಲಿದ್ದ ರೋಮ್. ವೆನೀಷಿಯಾವನ್ನು ಕಾಯುತ್ತಿದ್ದುದು ಆಸ್ಟ್ರಿಯಾ. ವೆರೋನ, ಮಾಂಟುವ, ಪೆಸ್ಕಿಯೆರ, ಲೆನ್ಯಾಗೊ ಎಂಬ ನಾಲ್ಕು ಕೋಟೆಗಳು ಅದಕ್ಕೆ ಬಾಗಿಲಿನಂತಿದ್ದುವು. ರೋಮನ್ನು ಕಾಯುತ್ತಿದ್ದುದು ಫ್ರೆಂಚ್ ಸೈನ್ಯ. ತನ್ನ ದೇಶದ ಕ್ಯಾಥೊಲಿಕ್ ಜನರ ಬೆಂಬಲ ನೆಪೋಲಿಯನ್ನನಿಗೆ ಅಗತ್ಯವಾಗಿದ್ದುದರಿಂದ ಪೋಪನನ್ನು ಕೈಬಿಡಲು ಅವನು ಸಿದ್ಧನಿರಲಿಲ್ಲ. ವೆನಿಸ್ ಬೇಕೆಂದರೆ ಬಲಿಷ್ಠ ಶತ್ರುವಿನೊಡನೆ ಕಾದಬೇಕು. ರೋಮ್ ಬೇಕೆಂದರೆ ಏಕೈಕ ಮಿತ್ರನೊಡನೆಯೇ ಕಾದಬೇಕು. ಇದೇ ಇಟಲಿಯ ಸಂಕಟ.

ಗ್ಯಾರಿಬಾಲ್ಡಿಗೆ ಇಂತಹ ಲೆಕ್ಕಾಚಾರ ಹಿಡಿಸುತ್ತಿರಲಿಲ್ಲ. 1862ರಲ್ಲಿ ಅವನು ಮತ್ತೆ ಸ್ವಯಂಸೇವಕರನ್ನು ಕೂಡಿಸಿ ರೋಮಿನ ಕಡೆಗೆ ಹೊರಟನು. ಫ್ರಾನ್ಸಿನ ಕೋಪಕ್ಕೆ ಹೆದರಿದ ಸರ್ಕಾರವು ತನ್ನ ಸೈನ್ಯವನ್ನೇ ಅವನ ಮೇಲೆ ಕಳುಹಿಸಿತು. ಆಗಸ್ಟ್ 29ರಂದು ಆಸ್ಪ್ರೊಮೊಂಟೆ ಬೆಟ್ಟದಲ್ಲಿ ಅವನ ಕಾಲಿಗೆ ಗುಂಡು ತಗಲಿತು. ಬಳಿಕ ಸರ್ಕಾರವು ಸಂಧಾನದ ಹಾದಿ ಹಿಡಿಯಿತು. 1864ರ ಸೆಪ್ಟೆಂಬರ್ 15ರ ಒಪ್ಪಂದದಂತೆ ಫ್ರೆಂಚರು ಎರಡು ವರ್ಷದೊಳಗೆ ರೋಮಿನಿಂದ ಹಿಂದೆ ಸರಿಯಬೇಕು. ಇಟಲಿಯು ಪೋಪನ ನೆಲವನ್ನು ಮುಟ್ಟಕೂಡದು. ರಾಜಧಾನಿಯನ್ನು ಟ್ಯೂರಿನ್‌ನಿಂದ ಫ್ಲಾರೆನ್ಸಿಗೆ ಸಾಗಿಸಬೇಕು. ಈ ಸುದ್ದಿ ತಿಳಿದು ಟ್ಯೂರಿನ್ನಿನ ಜನ ಬೀದಿಗಿಳಿದಾಗ ಗೋಲೀಬಾರಿನಲ್ಲಿ ಐವತ್ತರಷ್ಟು ಮಂದಿ ಸತ್ತರು.

ಸೋತು ಗೆದ್ದ ವೆನಿಸ್

ವೆನಿಸಿನ ಬಾಗಿಲು ತೆರೆದುದು ಬರ್ಲಿನ್ನಿನಿಂದ. ಜರ್ಮನಿಯಲ್ಲಿ ಪ್ರಷ್ಯಾದ ಪ್ರಾಬಲ್ಯಕ್ಕೆ ಅಡ್ಡವಾಗಿದ್ದ ಆಸ್ಟ್ರಿಯಾವನ್ನು ಹೊರದೂಡಲು ಬಿಸ್ಮಾರ್ಕ್ ಹವಣಿಸುತ್ತಿದ್ದನು. ಆಸ್ಟ್ರಿಯಾದ ಸೈನ್ಯವನ್ನು ದಕ್ಷಿಣಕ್ಕೂ ಎಳೆಯುವ ಜೊತೆಗಾರನೊಬ್ಬ ಅವನಿಗೆ ಬೇಕಾಗಿದ್ದನು. 1866ರ ಏಪ್ರಿಲ್ 8ರಂದು ಪ್ರಷ್ಯಾ ಮತ್ತು ಇಟಲಿಗಳ ನಡುವೆ ಮೂರು ತಿಂಗಳ ಅವಧಿಯ ಒಪ್ಪಂದವಾಯಿತು. ಆ ಅವಧಿಯೊಳಗೆ ಪ್ರಷ್ಯಾ ಯುದ್ಧಕ್ಕಿಳಿದರೆ ಇಟಲಿಯೂ ಇಳಿಯಬೇಕು; ಫಲವಾಗಿ ವೆನೀಷಿಯಾ ಇಟಲಿಗೆ.

ಇಲ್ಲಿ ಒಂದು ವಿಚಿತ್ರ ನಡೆಯಿತು. ಎರಡು ಕಡೆ ಯುದ್ಧವಾಗುವುದನ್ನು ತಪ್ಪಿಸಿಕೊಳ್ಳಲು ಆಸ್ಟ್ರಿಯಾವು ಮೇ ತಿಂಗಳಲ್ಲಿ, ಇಟಲಿ ತಟಸ್ಥವಾಗಿದ್ದರೆ ವೆನೀಷಿಯಾವನ್ನು ಬಿಟ್ಟುಕೊಡುವುದಾಗಿ ಸೂಚಿಸಿತು. ಒಂದು ಹನಿ ರಕ್ತ ಚೆಲ್ಲದೆ ಬಯಸಿದುದು ಬರುತ್ತಿತ್ತು. ಪ್ರಧಾನಿ ಲಾ ಮಾರ್ಮೊರ ಒಪ್ಪಲಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದೆಂಬುದು ಒಂದು ಕಾರಣ. ಹೊಸ ರಾಷ್ಟ್ರಕ್ಕೆ ಯುದ್ಧದಲ್ಲಿ ಗೆದ್ದ ಕೀರ್ತಿ ಬೇಕೆಂಬ ಹಂಬಲವೂ ಅಲ್ಲಿ ಬಲವಾಗಿತ್ತು. ಇತ್ತ ಜೂನ್ 12ರಂದು ಆಸ್ಟ್ರಿಯಾವು ನೆಪೋಲಿಯನ್ನನೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು, ಯುದ್ಧದಲ್ಲಿ ಏನೇ ಆದರೂ ವೆನೀಷಿಯಾವನ್ನು ಅವನಿಗೆ ಒಪ್ಪಿಸುವುದಾಗಿ ಮಾತು ಕೊಟ್ಟಿತು. ಎಂದರೆ, ಇಟಲಿಯ ಸಿಪಾಯಿ ಬಂದೂಕನ್ನು ಎತ್ತುವ ಮೊದಲೇ ಅವನು ಯಾವುದಕ್ಕಾಗಿ ಸಾಯಬೇಕಾಗಿತ್ತೋ ಅದರ ತೀರ್ಮಾನ ಆಗಿಹೋಗಿತ್ತು!

ಆದರೂ ಯುದ್ಧ ನಡೆಯಿತು. ಇಟಲಿಯ ಸೈನ್ಯ ಸಂಖ್ಯೆಯಲ್ಲಿ ದೊಡ್ಡದಾಗಿತ್ತು. ಆದರೆ ಒಂದು ಪಾಲು ಲಾ ಮಾರ್ಮೊರನ ಕೈಯಲ್ಲಿ ಮಿಂಚಿಯೊ ನದಿಯ ಬಳಿ, ಇನ್ನೊಂದು ಪಾಲು ಚಿಯಾಲ್ದೀನಿಯ ಕೈಯಲ್ಲಿ ಪೊ ನದಿಯ ಬಳಿ; ಸೇನಾನಿಗಳಿಬ್ಬರಿಗೂ ಹೊಂದಾಣಿಕೆಯಿಲ್ಲ. ಜೂನ್ 24ರಂದು ಕುಸ್ಟೋಜಾದಲ್ಲಿ ಇಟಲಿ ಸೋತಿತು. ಜುಲೈ 3ರಂದು ದೂರದ ಸಾಡೋವದಲ್ಲಿ ಪ್ರಷ್ಯಾ ಆಸ್ಟ್ರಿಯಾವನ್ನು ಧೂಳೀಪಟ ಮಾಡಿತು. ಆಸ್ಟ್ರಿಯಾ ಕೂಡಲೇ ವೆನೀಷಿಯಾವನ್ನು ನೆಪೋಲಿಯನ್ನನಿಗೆ ಬಿಟ್ಟುಕೊಡುವುದಾಗಿ ಸಾರಿತು. ಸೋಲಿನ ಕಳಂಕವನ್ನು ತೊಳೆದುಕೊಳ್ಳಲು ಇಟಲಿಯು ತನ್ನ ನೌಕಾಪಡೆಯನ್ನು ಏಡ್ರಿಯಾಟಿಕ್ ಸಮುದ್ರಕ್ಕೆ ಅಟ್ಟಿತು. ಜುಲೈ 20ರಂದು ಲಿಸ್ಸಾ ದ್ವೀಪದ ಬಳಿ ನೌಕಾಧಿಪತಿ ಪೆರ್ಸಾನೊ ಸೋತನು. ಎರಡು ಯುದ್ಧನೌಕೆಗಳು ಮುಳುಗಿ ಆರು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಂದು ಆಸ್ಟ್ರಿಯಾದ ಹಡಗುಗಳಲ್ಲಿ ದುಡಿದ ನಾವಿಕರಲ್ಲಿ ಅನೇಕರು ವೆನೀಷಿಯಾದವರೇ ಆಗಿದ್ದರೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಯಾರ ಬಿಡುಗಡೆಗಾಗಿ ಯುದ್ಧವೋ ಅವರೇ ಎದುರು ಪಾಳೆಯದಲ್ಲಿ!

ಗೆದ್ದವನು ಗ್ಯಾರಿಬಾಲ್ಡಿಯೊಬ್ಬನೇ. ಅವನು ಟ್ರೆಂಟಿನೊ ಪ್ರದೇಶದ ಬೆಟ್ಟಗಳಲ್ಲಿ ಮುಂದುವರಿದು ಬೆಜ್ಜೆಕ್ಕದಲ್ಲಿ ಜಯ ಪಡೆದನು. ಆದರೆ ಪ್ರಷ್ಯಾ ಯುದ್ಧ ನಿಲ್ಲಿಸಿದುದರಿಂದ ಅವನಿಗೂ ಹಿಂದಿರುಗುವಂತೆ ಆಜ್ಞೆಯಾಯಿತು. ಆಜ್ಞೆಯನ್ನು ಪಾಲಿಸುತ್ತೇನೆಂಬ ಅರ್ಥದ ಒಂದೇ ಪದದ ತಂತಿಯನ್ನು ಕಳುಹಿಸಿ ಅವನು ಹಿಂದಿರುಗಿದನು. ಅಕ್ಟೋಬರ್ 3ರಂದು ವಿಯೆನ್ನಾದಲ್ಲಿ ಶಾಂತಿ ಒಪ್ಪಂದವಾಯಿತು. ಆಸ್ಟ್ರಿಯಾ ತನ್ನನ್ನು ಸೋಲಿಸದ ಇಟಲಿಗೆ ನೇರವಾಗಿ ಕೊಡಲೊಲ್ಲದೆ, ವೆನೀಷಿಯಾವನ್ನು ಒಬ್ಬ ಫ್ರೆಂಚ್ ಸೇನಾಪತಿಗೆ ಒಪ್ಪಿಸಿತು. ಅವನು ಇಟಲಿಗೆ ದಾಟಿಸಿದನು. ಆ ಬಳಿಕ ನಡೆದ ಜನಮತದಲ್ಲಿ ಪರವಾಗಿ ಆರು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕಿ ಮತಗಳು. ವಿರುದ್ಧವಾಗಿ ಬಿದ್ದುವು ಕೇವಲ 69!

ರೋಮಿನ ಬಾಗಿಲು

ಒಪ್ಪಂದದಂತೆ ಫ್ರೆಂಚರು 1866ರ ಕೊನೆಗೆ ರೋಮಿನಿಂದ ಹೊರಟರು. ಗ್ಯಾರಿಬಾಲ್ಡಿ ಮರುವರ್ಷವೇ ಮತ್ತೆ ನುಗ್ಗಿದನು. ಫ್ರೆಂಚರು ಹಡಗೇರಿ ಹಿಂದಿರುಗಿ ಬಂದರು. 1867ರ ನವೆಂಬರ್ 3ರಂದು ಮೆಂಟಾನದಲ್ಲಿ ಪೋಪನ ಸೈನ್ಯಕ್ಕೆ ಫ್ರೆಂಚರ ಹೊಸ ಬಗೆಯ ಬಂದೂಕುಗಳ ನೆರವು ದೊರೆತು ಸ್ವಯಂಸೇವಕರು ಚದುರಿಹೋದರು. ರೋಮ್ ಮೊದಲಿಗಿಂತಲೂ ದೂರವಾದಂತೆ ಕಂಡಿತು.

ಈ ಬಾರಿಯೂ ಬಾಗಿಲು ತೆರೆದುದು ಇತರರ ಯುದ್ಧವೇ. 1870ರ ಜುಲೈನಲ್ಲಿ ಫ್ರಾನ್ಸ್ ಪ್ರಷ್ಯಾದ ಮೇಲೆ ಯುದ್ಧ ಸಾರಿತು. ಸೈನಿಕರ ಅಗತ್ಯ ಬಿದ್ದು ನೆಪೋಲಿಯನ್ ಆಗಸ್ಟ್ ತಿಂಗಳಲ್ಲಿ ರೋಮಿನಲ್ಲಿದ್ದ ತನ್ನ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡನು. ದೊರೆ ವಿಕ್ಟರ್ ಎಮ್ಯಾನ್ಯುಯೆಲ್ಲನಿಗೆ ಹಳೆಯ ಮಿತ್ರನ ನೆರವಿಗೆ ಹೋಗುವ ಆಸೆಯಿತ್ತು. ಹಣಕಾಸಿನ ಮಂತ್ರಿ ಸೆಲ್ಲಾ ಮೊದಲಾದವರು ಅದನ್ನು ತಡೆದುದು ಇಟಲಿಯ ಪುಣ್ಯ. ಸೆಪ್ಟೆಂಬರ್ 2ರಂದು ಸೆಡಾನಿನಲ್ಲಿ ನೆಪೋಲಿಯನ್ ಸೆರೆಸಿಕ್ಕನು. 4ರಂದು ಪ್ಯಾರಿಸ್ಸಿನಲ್ಲಿ ಗಣರಾಜ್ಯ ಘೋಷಿತವಾಯಿತು. 1864ರ ಒಪ್ಪಂದಕ್ಕೆ ಸಹಿ ಹಾಕಿದ್ದ ಸಾಮ್ರಾಜ್ಯವೇ ಇಲ್ಲವಾಯಿತು.

ದೊರೆಯ ದೂತನು ಪತ್ರವೊಂದನ್ನು ಹಿಡಿದು ಪೋಪ್ ಒಂಬತ್ತನೆಯ ಪಯಸ್‌ನ ಬಳಿಗೆ ಹೋದನು. ಪೋಪ್ ಮಣಿಯಲಿಲ್ಲ. ಸೆಪ್ಟೆಂಬರ್ 20ರ ಬೆಳಗ್ಗೆ ಸೇನಾಪತಿ ಕದೋರ್ನನ ಫಿರಂಗಿಗಳು ಪೋರ್ಟ ಪಿಯಾ ಎಂಬ ಹೆಬ್ಬಾಗಿಲಿನ ಬಳಿ ಗೋಡೆಯನ್ನು ಒಡೆದುವು. ತನ್ನ ಮೇಲೆ ಬಲಾತ್ಕಾರ ನಡೆಯಿತೆಂದು ಲೋಕಕ್ಕೆ ತೋರುವಷ್ಟು ಮಾತ್ರ ಪ್ರತಿಭಟಿಸಿರೆಂದು ಪೋಪನು ತನ್ನವರಿಗೆ ಹೇಳಿದ್ದನು. ಕೆಲವೇ ಗಂಟೆಗಳಲ್ಲಿ ಬಿಳಿಯ ಬಾವುಟ ಏರಿತು. ಇಟಲಿಯ ಕಡೆ ಸತ್ತವರು ಐವತ್ತರಷ್ಟು, ಪೋಪನ ಕಡೆ ಇಪ್ಪತ್ತರಷ್ಟು. ಅಕ್ಟೋಬರ್ 2ರ ಜನಮತವೂ ಒಕ್ಕೂಟದ ಪರವಾಗಿಯೇ ಆಯಿತು. 1871ರಲ್ಲಿ ರೋಮ್ ರಾಜಧಾನಿಯಾಯಿತು. ಆ ವರ್ಷದ ಮೇ ತಿಂಗಳ ಕಾನೂನು ಪೋಪನಿಗೆ ರಾಜಮರ್ಯಾದೆಯನ್ನೂ ವರ್ಷಕ್ಕೆ 32 ಲಕ್ಷ 25 ಸಾವಿರ ಲೀರಾಗಳನ್ನೂ ಗೊತ್ತುಮಾಡಿತು. ಪೋಪ್ ಅದನ್ನು ಸ್ವೀಕರಿಸದೆ ತಾನು ಸೆರೆಯಾಳೆಂದು ಸಾರಿದನು. ಆ ವಿರಸ ತೀರಿದುದು 1929ರ ಲ್ಯಾಟರನ್ ಒಪ್ಪಂದದಲ್ಲಿ. ಟ್ರೆಂಟಿನೊ ಮತ್ತು ಟ್ರಿಯೆಸ್ಟ್ ಪ್ರದೇಶಗಳು ಇಟಲಿಗೆ ಬಂದುದು ಮೊದಲನೆಯ ಮಹಾಯುದ್ಧದ ನಂತರ.

ರಾಜತಂತ್ರದ ಗೆಲುವು, ಗಿರಣಿಯ ಲೆಕ್ಕ

ಈ ಹತ್ತು ವರ್ಷಗಳಲ್ಲಿ ಒಂದು ಕ್ರಮ ಎದ್ದು ಕಾಣುತ್ತದೆ. ಆಸ್ಪ್ರೊಮೊಂಟೆ, ಕುಸ್ಟೋಜಾ, ಲಿಸ್ಸಾ, ಮೆಂಟಾನ: ಇವೆಲ್ಲ ಸೋಲುಗಳೇ. ಆದರೂ ವೆನಿಸ್ ಬಂದಿತು, ರೋಮ್ ಬಂದಿತು. ಕಾವಲುಗಾರನು ಬೇರೆಡೆ ಜಗಳಕ್ಕೆ ಹೋದಾಗ ಕೈಚಾಚಬೇಕು. ಅಲ್ಲಿಯವರೆಗೆ ಒಪ್ಪಂದಗಳ ಮೂಲಕ ಕಾಯಬೇಕು. ಇದೇ ಆ ಸರ್ಕಾರದ ನೀತಿಯಾಯಿತು. ಬಡ ರಾಷ್ಟ್ರಕ್ಕೆ ಬೇರೆ ದಾರಿಯಿರಲಿಲ್ಲವೆಂದೂ ಹೇಳಬಹುದು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಆದರೆ ಯುದ್ಧದ ಸಾಲವನ್ನು ತೀರಿಸಿದವರು ಯಾರು? 1868ರಲ್ಲಿ ಇಟಲಿಯ ಪಾರ್ಲಿಮೆಂಟು ಹಿಟ್ಟು ಬೀಸಿಸುವುದರ ಮೇಲೆ ತೆರಿಗೆ ಹಾಕಿತು. ಗಿರಣಿಯ ಕಲ್ಲು ಎಷ್ಟು ಸುತ್ತು ತಿರುಗಿತೆಂದು ಎಣಿಸಲು ಯಂತ್ರವೊಂದನ್ನು ಜೋಡಿಸುತ್ತಿದ್ದರು. 1869ರ ಜನವರಿಯಲ್ಲಿ ತೆರಿಗೆ ಜಾರಿಗೆ ಬಂದೊಡನೆ ಹಳ್ಳಿಗಳಲ್ಲಿ ದಂಗೆಗಳೆದ್ದುವು. ಅವನ್ನು ಅಡಗಿಸುವಾಗ 250ಕ್ಕೂ ಹೆಚ್ಚು ಜನ ಸತ್ತರು. ರೋಮನ್ನು ಗೆಲ್ಲುವಾಗ ಸತ್ತವರಿಗಿಂತ ಇವರು ಎಷ್ಟು ಪಟ್ಟು ಹೆಚ್ಚೆಂಬುದನ್ನು ಓದುಗರೇ ಲೆಕ್ಕ ಹಾಕಲಿ. ಆ ತೆರಿಗೆ ಪೂರ್ತಿಯಾಗಿ ತೊಲಗಿದುದು 1884ರಲ್ಲಿ. ಅದನ್ನು ಹಾಕಿದ ಪಾರ್ಲಿಮೆಂಟಿಗೆ ಮತ ನೀಡುವ ಹಕ್ಕಿದ್ದುದು ನೂರಕ್ಕೆ ಇಬ್ಬರಿಗೆ ಮಾತ್ರ. ಓದು ಬರಹ ಬಲ್ಲವನಾಗಿರಬೇಕು, ಗೊತ್ತಾದಷ್ಟು ತೆರಿಗೆ ಸಲ್ಲಿಸುವವನಾಗಿರಬೇಕು ಎಂಬುದು ನಿಯಮ. 1861ರಲ್ಲಿ ಅಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿಗೆ ಅಕ್ಷರವೇ ಬರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ದಸರೆಯ ರಜೆಯಲ್ಲಿ ಈ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅಕ್ಷರ ಬಾರದ ನನ್ನ ತಾಯಿ ಮೊರದಲ್ಲಿ ರಾಗಿ ಕೇರುತ್ತ ಕೇಳಿಸಿಕೊಳ್ಳುತ್ತಿದ್ದಳು. ಗಿರಣಿಯ ಮಾತು ಬಂದಾಗ ಕೈ ನಿಲ್ಲಿಸಿ, "ಅಲ್ಲ ಕಣಪ್ಪ, ರಾಜ್ಯ ದೊಡ್ಡದಾಯ್ತು ಅಂತೀಯ. ಬೀಸಿಸ್ಕೊಂಡು ತಿನ್ನೋರ ಹತ್ರ ಯಾಕೆ ದುಡ್ಡು ಕೇಳಿದ್ರು?" ಎಂದಳು. ಕುಸ್ಟೋಜಾ, ಸಾಡೋವಗಳ ತೇದಿಗಳೆಲ್ಲ ನನಗೆ ಬಾಯಿಗೆ ಬರುತ್ತಿದ್ದುವು. ಈ ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ.

ನನ್ನ ತಾಯಿಯ ಪ್ರಶ್ನೆಗೆ ಸಮೀಪವಾದ ಮಾತನ್ನು ಗಾಂಧೀಜಿಯವರು 1909ರಲ್ಲಿ 'ಹಿಂದ್ ಸ್ವರಾಜ್' ಬರೆಯುವಾಗ ಎತ್ತಿದ್ದಾರೆಂಬುದು ಆಮೇಲೆ ತಿಳಿಯಿತು. ಇಟಲಿಯಂತೆ ನಾವೂ ಆಯುಧ ಹಿಡಿಯೋಣವೆಂದು ಭಾರತದ ತರುಣರು ಹಂಬಲಿಸುತ್ತಿದ್ದ ಕಾಲವದು. ವಿಕ್ಟರ್ ಎಮ್ಯಾನ್ಯುಯೆಲ್ಲನಿಗೆ ಇಟಲಿಯೆಂದರೆ ದೊರೆ ಮತ್ತು ಅವನ ಪರಿವಾರ, ಮ್ಯಾಜಿನಿಗೆ ಇಟಲಿಯೆಂದರೆ ಅಲ್ಲಿಯ ರೈತರೂ ಸೇರಿದ ಇಡೀ ಜನ ಎಂಬ ಭೇದವನ್ನು ಅವರು ಅಲ್ಲಿ ತೋರಿಸಿದ್ದಾರೆ. ಆ ಮ್ಯಾಜಿನಿ 1870ರ ಅಕ್ಟೋಬರಿನಲ್ಲಿ ಸೆರೆಯಿಂದ ಹೊರಬಂದರೂ ದೊರೆಯ ಇಟಲಿಯನ್ನು ತನ್ನದೆಂದು ಒಪ್ಪಲಿಲ್ಲ. 1872ರ ಮಾರ್ಚ್ 10ರಂದು ಪೀಸಾ ನಗರದಲ್ಲಿ, ಬೇರೆ ಹೆಸರಿಟ್ಟುಕೊಂಡು ತಂಗಿದ್ದ ಮನೆಯಲ್ಲಿ, ಅವನು ತೀರಿಕೊಂಡನು.

ಹಾಗೆಂದು ಏಕೀಕರಣವೇ ವ್ಯರ್ಥವೆನ್ನಲಾಗದು. ಒಂದು ಪಾರ್ಲಿಮೆಂಟು ಇದ್ದುದರಿಂದಲೇ ಅದರಲ್ಲಿ ಪಾಲು ಕೇಳಲು ಸಾಧ್ಯವಾಯಿತು. ಮತದ ಹಕ್ಕು 1882ರಲ್ಲಿ ಸ್ವಲ್ಪ, 1912ರಲ್ಲಿ ಇನ್ನಷ್ಟು ವಿಸ್ತರಿಸಿತು. ನಡುವೆ ಮುಸೊಲಿನಿಯ ಕತ್ತಲೆಯೂ ಕವಿಯಿತು. ಕೊನೆಗೆ 1946ರ ಜೂನ್ 2ರಂದು ಗಂಡಸರೊಡನೆ ಹೆಂಗಸರೂ ಮತಗಟ್ಟೆಗೆ ಬಂದು, ದೊರೆತನವನ್ನು ಕೊನೆಗಾಣಿಸಿ ಗಣರಾಜ್ಯವನ್ನು ಆರಿಸಿದರು. ರೋಮಿನ ಗೋಡೆ ಬಿದ್ದ ಮೇಲೆ ಅಷ್ಟಾಗಲು ಎಪ್ಪತ್ತೈದು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಫಿರಂಗಿಯೂ ಒಪ್ಪಂದವೂ ಕೂಡಿ ಹತ್ತು ವರ್ಷದಲ್ಲಿ ಒಂದು ನಕ್ಷೆಯನ್ನು ಪೂರ್ಣಗೊಳಿಸಬಲ್ಲುವು. ಆ ನಕ್ಷೆಯೊಳಗೆ ಹಿಟ್ಟು ಬೀಸಿಸಿಕೊಂಡು ತಿನ್ನುವವರಿಗೆ ಸ್ಥಳ ದೊರೆಯುವುದು ಬೇರೆಯೇ ಕೆಲಸ. ಅದಕ್ಕೆ ಶಾಲೆ ಬೇಕು, ಮತ ಬೇಕು, ತಲೆಮಾರುಗಳ ತಾಳ್ಮೆ ಬೇಕು. ಮುಂದಿನ ರಜೆಗೆ ಊರಿಗೆ ಹೋದಾಗ ನನ್ನ ತಾಯಿಗೆ ಇಷ್ಟನ್ನಾದರೂ ಹೇಳಬಲ್ಲೆನೆಂದು ನಂಬಿದ್ದೇನೆ.