ಕುದುರೆ ಒಪ್ಪಿದರಷ್ಟೇ ಗೆಲುವು: ಒಂದು ದಿನ, ನೂರು ಮೈಲಿ, ನೂರೆಂಟು ಪೇಚಾಟ

'ಕುದುರೆ ಕಂಡರೆ ಕಾಲುನೋವು' ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕುದುರೆ ಸಾಕಿ ದೂರದ ಸವಾರಿಗೆ ಹೊರಡುವವರ ಪಾಡೇ ಬೇರೆ. ಅಲ್ಲಿ ಕಾಲುನೋವು ಬರುವುದು ಸವಾರನಿಗಲ್ಲ, ಕುದುರೆಗೆ. ಅದೂ ವರ್ಷವಿಡೀ ತಯಾರಿ ನಡೆಸಿ ಇನ್ನೇನು ಸ್ಪರ್ಧೆಗೆ ಹೊರಡಬೇಕು ಎನ್ನುವಾಗ!

ಗಾರ್ಡಿ ಏನ್ಸ್‌ಲೀ ಎಂಬ ಸವಾರನಿಗೆ ಆದದ್ದೂ ಇದೇ. ಅಲ್ಲಿನ ಪ್ರಸಿದ್ಧ 'ಟೆವಿಸ್ ಕಪ್' ಸ್ಪರ್ಧೆಯಲ್ಲಿ 1973ರಲ್ಲಿ ಆತನ ಕುದುರೆ 29 ಮೈಲಿ ದಾಟುವಷ್ಟರಲ್ಲಿ ಕುಂಟತೊಡಗಿತು. ಸವಾರಿ ಅಲ್ಲಿಗೇ ಮುಗಿಯಿತು. ಮರುವರ್ಷ ಆತ ಕುದುರೆಯ ಗೊಡವೆಯೇ ಬೇಡವೆಂದು ಕಾಲ್ನಡಿಗೆಯಲ್ಲೇ ಓಟಕ್ಕಿಳಿದು, ಅದೇ ನೂರು ಮೈಲಿಯನ್ನು 23 ಗಂಟೆ 42 ನಿಮಿಷಗಳಲ್ಲಿ ಮುಗಿಸಿದ. ಇಂದು ಜಗತ್ತಿನಾದ್ಯಂತ ಹೆಸರಾಗಿರುವ 'ವೆಸ್ಟರ್ನ್ ಸ್ಟೇಟ್ಸ್' ನೂರು ಮೈಲಿ ಓಟ ಹುಟ್ಟಿದ್ದು ಹೀಗೆ. ಕುದುರೆಯೊಂದು ಕುಂಟಿದ ಕಾರಣಕ್ಕೆ ಮನುಷ್ಯರ ಕ್ರೀಡೆಯೊಂದು ಜನ್ಮ ತಾಳಿತು!

ಏನಿದು ಟೆವಿಸ್ ಕಪ್?

ಈಗಿನ ಕುದುರೆಗಳಿಗೆ ಹಿಂದಿನ ಕಾಲದ ಕಸುವಿಲ್ಲ, ಒಂದೇ ದಿನದಲ್ಲಿ ನೂರು ಮೈಲಿ ಕ್ರಮಿಸುವುದು ಅವುಗಳಿಂದಾಗದು ಎಂಬ ಮಾತನ್ನು ಸುಳ್ಳಾಗಿಸಲು ಆಬರ್ನ್ ಪಟ್ಟಣದ ಉದ್ಯಮಿ ವೆಂಡೆಲ್ ರೋಬಿ 1955ರಲ್ಲಿ ಕೆಲವು ಸಂಗಡಿಗರೊಂದಿಗೆ ಹೊರಟರು. ಸಿಯೆರಾ ನೆವಾಡಾ ಪರ್ವತಗಳನ್ನು ದಾಟಿ ಆಬರ್ನ್ ತಲುಪುವ ಆ ಹಾದಿಯಲ್ಲೇ ಇಂದಿಗೂ ಸ್ಪರ್ಧೆ ನಡೆಯುತ್ತದೆ. ಬೆಳಗಿನ ಜಾವ ಹೊರಟವರು 24 ಗಂಟೆಗಳೊಳಗೆ ಗುರಿ ಸೇರಬೇಕು. ನೂರು ಮೈಲಿ ಎಂದರೆ ಸುಮಾರು 160 ಕಿಲೋಮೀಟರ್, ಬೆಂಗಳೂರಿನಿಂದ ಮೈಸೂರಿಗಿಂತಲೂ ತುಸು ಹೆಚ್ಚು. ವ್ಯತ್ಯಾಸವೆಂದರೆ ಇಲ್ಲಿ ಹೆದ್ದಾರಿಯಿಲ್ಲ. ಬಂಡೆಗಳು, ಪ್ರಪಾತದಂಚಿನ ಕಾಲುದಾರಿ, ಬೆಂಕಿಯಂಥ ಬಿಸಿಲಿನ ಕಣಿವೆಗಳು, ಕೊನೆಗೆ ಕಗ್ಗತ್ತಲ ಕಾಡು. ಹೊರಟವರಲ್ಲಿ ಗುರಿ ಸೇರುವವರು ಸಾಮಾನ್ಯವಾಗಿ ಅರ್ಧದಷ್ಟು ಮಂದಿ. ಸೇರಿದವರಿಗೆ ಸಿಗುವುದು ಬೆಳ್ಳಿಯ ಬೆಲ್ಟ್ ಬಕಲ್. ನಗದು ಬಹುಮಾನವಿಲ್ಲ.

ತೀರ್ಪುಗಾರ ಪಶುವೈದ್ಯ

ದೂರದ ಸವಾರಿಯನ್ನು ರೇಸ್‌ಕೋರ್ಸಿನ ಓಟದಂತೆ ಭಾವಿಸಿದರೆ ತಪ್ಪಾದೀತು. ಇಲ್ಲಿ ಕೊನೆಯ ಮಾತು ಗಡಿಯಾರದ್ದಲ್ಲ, ಪಶುವೈದ್ಯರದ್ದು. ಹಾದಿಯುದ್ದಕ್ಕೂ ತಪಾಸಣಾ ಠಾಣೆಗಳಿರುತ್ತವೆ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿಬಡಿತ ನಿಮಿಷಕ್ಕೆ 28ರಿಂದ 44ರಷ್ಟು. ಓಡಿ ಬಂದಾಗ ಅದು ಏರಿರುತ್ತದೆ. ಠಾಣೆಗೆ ಬಂದ ಅರ್ಧ ಗಂಟೆಯೊಳಗೆ ಅದು ನಿಗದಿತ ಮಟ್ಟಕ್ಕೆ, ಸಾಮಾನ್ಯವಾಗಿ 60 ಅಥವಾ 64ಕ್ಕೆ, ಇಳಿಯಲೇಬೇಕು. ಇಳಿಯದಿದ್ದರೆ ಸ್ಪರ್ಧೆಯಿಂದ ಹೊರಕ್ಕೆ.

ಸ್ವಾರಸ್ಯವೆಂದರೆ, ಕಡ್ಡಾಯ ವಿಶ್ರಾಂತಿಯ ಲೆಕ್ಕ ಆರಂಭವಾಗುವುದು ನಾಡಿ ಇಳಿದ ಮೇಲೆಯೇ. ಹೀಗಾಗಿ ಕುದುರೆಯನ್ನು ದೌಡಾಯಿಸಿಕೊಂಡು ಬಂದವನು ಅದರ ನಾಡಿ ಇಳಿಯಲೆಂದು ಕಾಯುತ್ತಾ ನಿಂತರೆ, ಠಾಣೆಗೆ ಅರ್ಧ ಮೈಲಿ ಇರುವಾಗಲೇ ಕೆಳಗಿಳಿದು ನಡೆಸಿಕೊಂಡು ಬಂದವನು ಅವನಿಗಿಂತ ಮೊದಲು ಹೊರಡುತ್ತಾನೆ. ವೈದ್ಯರು ಹೊಟ್ಟೆಗೆ ಕಿವಿಗೊಟ್ಟು ಕರುಳಿನ ಸದ್ದು ಆಲಿಸುತ್ತಾರೆ, ಚರ್ಮವನ್ನು ಚಿವುಟಿ ನಿರ್ಜಲೀಕರಣವಾಗಿದೆಯೇ ಎಂದು ನೋಡುತ್ತಾರೆ, ಓಡಿಸಿ ಕುಂಟುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಗುರಿ ಮುಟ್ಟಿದ ಮೇಲೂ ಕುದುರೆ ಇನ್ನೂ ಮುಂದುವರಿಯಲು ಶಕ್ತವೆಂದು ಅವರು ಹೇಳಿದರಷ್ಟೇ ಸವಾರಿ ಪೂರ್ಣ. ಸವಾರನ ಸ್ಥಿತಿಯನ್ನು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ!

1964ರಿಂದ ಟೆವಿಸ್‌ನಲ್ಲಿ 'ಹ್ಯಾಗಿನ್ ಕಪ್' ಎಂಬ ಇನ್ನೊಂದು ಪ್ರಶಸ್ತಿಯೂ ಇದೆ. ಮೊದಲು ಬಂದ ಹತ್ತು ಕುದುರೆಗಳಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿರುವ ಕುದುರೆಗೆ ಅದು ಸಲ್ಲುತ್ತದೆ. ಅನೇಕ ಸವಾರರಿಗೆ ಮೊದಲ ಸ್ಥಾನಕ್ಕಿಂತ ಇದರ ಮೇಲೆಯೇ ಕಣ್ಣು.

'ಸ್ಪರ್ಧಾತ್ಮಕ ಟ್ರೇಲ್ ಸವಾರಿ' ಎಂಬುದು ಇದರ ಸೋದರ ಕ್ರೀಡೆ. ಅಮೆರಿಕದಲ್ಲಿ 1961ರಿಂದ ಇದಕ್ಕೆಂದೇ ಸಂಘಟನೆಯಿದೆ. ಇಲ್ಲಿ ತಡವಾಗಿ ಬಂದರೂ ಅಂಕ ಕಡಿತ, ಬೇಗ ಬಂದರೂ ಕಡಿತ. ಕುದುರೆಗೆ, ಸವಾರನಿಗೆ ಪ್ರತ್ಯೇಕ ಅಂಕಗಳಿರುವುದರಿಂದ ಕುದುರೆ ಪಾಸಾಗಿ ಯಜಮಾನ ನಪಾಸಾಗುವ ಸಾಧ್ಯತೆಯೂ ಉಂಟು.

ಸಾಕಿದವರಿಗೇ ಗೊತ್ತು ಕಷ್ಟ

ಕುದುರೆ ಸಾಕುವವರ ನಡುವೆ ಹರಿದಾಡುವ ಹಾಸ್ಯವೆಲ್ಲ ಅವರ ಮೇಲೆಯೇ. ವಾರಕ್ಕೆರಡು ದಿನ ಸವಾರಿ ಮಾಡುವ ಪ್ರಾಣಿ ಏಳು ದಿನವೂ ತಿನ್ನುತ್ತದೆ. ಆರರಿಂದ ಎಂಟು ವಾರಗಳಿಗೊಮ್ಮೆ ಅದಕ್ಕೆ ಹೊಸ ಲಾಳ. ಯಜಮಾನನ ಬೂಟು ಮಾತ್ರ ಹರಿದದ್ದೇ. ಪ್ರಪಾತದಂಚಿನಲ್ಲಿ ಅಳುಕದೆ ನಡೆಯುವ ಕುದುರೆ, ಬೇಲಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲವನ್ನು ಕಂಡು ಸವಾರನನ್ನು ಕೆಡವಿ ಲಾಯದತ್ತ ಓಟ ಕೀಳುತ್ತದೆ. ಇದು ಹುಚ್ಚಾಟವಲ್ಲ. ಬೇಟೆಗೆ ಬಲಿಯಾಗುವ ಪ್ರಾಣಿಯಾಗಿ ವಿಕಾಸಗೊಂಡ ಕುದುರೆ, ಅಲುಗಾಡುವ ಅಪರಿಚಿತ ವಸ್ತುವಿನಿಂದ ಮೊದಲು ಓಡುತ್ತದೆ, ಆಮೇಲೆ ಯೋಚಿಸುತ್ತದೆ.

ಬೆವರಿನದ್ದು ಮತ್ತೊಂದು ಪೇಚು. ಬಿಸಿಲಲ್ಲಿ ದುಡಿಯುವ ಕುದುರೆ ಗಂಟೆಗೆ 10ರಿಂದ 15 ಲೀಟರ್ ಬೆವರು ಸುರಿಸಬಲ್ಲದು. ಅದರ ಬೆವರು ಮನುಷ್ಯನದ್ದಕ್ಕಿಂತ ಬಹಳ ಉಪ್ಪು. ನೀರಿನೊಂದಿಗೆ ಲವಣವೂ ಹೋಗುವುದರಿಂದ ದೇಹ ಬತ್ತಿದ್ದರೂ ಅದಕ್ಕೆ ಬಾಯಾರಿಕೆಯೇ ಆಗದಿರಬಹುದು. ಆದ್ದರಿಂದ ಸವಾರರು ಲವಣದ ಮಿಶ್ರಣವನ್ನು ಸೇಬಿನ ತಿರುಳಿನಲ್ಲಿ ಕಲಸಿ, ಸಿರಿಂಜಿನಲ್ಲಿ ತುಂಬಿ ಬಾಯಿಗೆ ಹಾಕುತ್ತಾರೆ. ಅರ್ಧ ಕುದುರೆಯ ಹೊಟ್ಟೆಗೆ, ಉಳಿದರ್ಧ ಯಜಮಾನನ ಅಂಗಿಗೆ! ಕಡಿದಾದ ಏರುಗಳಲ್ಲಂತೂ ಸವಾರ ಕೆಳಗಿಳಿದು ಕುದುರೆಯ ಬಾಲ ಹಿಡಿದು ಹಿಂದೆ ಹಿಂದೆ ಏರುವುದುಂಟು. ದುಬಾರಿ ಬೆಲೆ ತೆತ್ತು ಕೊಂಡ ವಾಹನದ ಹಿಂದೆ ನಡೆದುಹೋಗುವ ಭಾಗ್ಯವೆಂದರೆ ಇದೇ.

ನಗುವಿನ ಹಿಂದಿನ ಎಚ್ಚರ

ಈ ನಗೆಯ ಹಿಂದೆ ಗಂಭೀರ ಸತ್ಯವೊಂದಿದೆ. ಕುದುರೆ 'ಸಾಕು' ಎಂದು ಬಾಯಿಬಿಟ್ಟು ಹೇಳಲಾರದು. ಮುಂದಿನ ಕುದುರೆಯನ್ನು ಕಂಡರೆ ಮೈಯಲ್ಲಿ ಕಸುವಿಲ್ಲದಿದ್ದರೂ ಅದು ಬೆನ್ನಟ್ಟುತ್ತದೆ. ಸವಾರನ ಆಸೆ ಮಿತಿ ಮೀರಿದಾಗ ಬೆಲೆ ತೆರುವುದು ಕುದುರೆಯೇ. ಕುದುರೆಗಳ ಕ್ಷೇಮದ ಪ್ರಶ್ನೆಯ ಮೇಲೆ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವು 2015ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ರಾಷ್ಟ್ರೀಯ ಸಂಸ್ಥೆಯನ್ನೇ ಅಮಾನತುಗೊಳಿಸಿತ್ತು. 2018ರಲ್ಲಿ ಅಮೆರಿಕದ ಟ್ರೈಯನ್‌ನಲ್ಲಿ ನಡೆದ ವಿಶ್ವ ಕೂಟದಲ್ಲಿ ಬಿಸಿಲು, ಆರ್ದ್ರತೆಗಳ ಹೊಡೆತಕ್ಕೆ ದೂರದ ಸವಾರಿಯನ್ನು ಅರ್ಧದಲ್ಲೇ ರದ್ದುಪಡಿಸಲಾಯಿತು. ಅಸ್ವಸ್ಥಗೊಂಡ ಕುದುರೆಯೊಂದಕ್ಕೆ ದಯಾಮರಣ ನೀಡಬೇಕಾಯಿತು.

1972ರಲ್ಲಿ ಹುಟ್ಟಿದ ಅಮೆರಿಕದ ದೂರ ಸವಾರಿ ಸಂಘಟನೆಯ ಧ್ಯೇಯವಾಕ್ಯದ ಅರ್ಥ 'ಮುಗಿಸಿದರೆ ಗೆದ್ದಂತೆ' ಎಂದು. ಅದು ಕೊಡುವ ಮನ್ನಣೆಗಳಲ್ಲೊಂದು ವೇಗಕ್ಕೆ ಸಲ್ಲುವುದೇ ಇಲ್ಲ. ಒಂದೇ ಕುದುರೆ, ಒಬ್ಬನೇ ಸವಾರ ಜೊತೆಯಾಗಿ ಹತ್ತು ವರ್ಷ ದೂರದ ಸವಾರಿಗಳನ್ನು ಮುಗಿಸಿದ್ದರೆ ಆ ಜೋಡಿಗೆ ಅದು ಸಲ್ಲುತ್ತದೆ. ಹತ್ತು ವರ್ಷ ಕುದುರೆ ಕುಂಟದೆ ಉಳಿಯಬೇಕಾದರೆ, ಕುಂಟುವ ಮೊದಲೇ ನಿಲ್ಲಿಸಲು ಸವಾರ ಕಲಿತಿರಬೇಕು. ನಡುರಾತ್ರಿಯಲ್ಲಿ, ಗುರಿಗೆ ಇನ್ನು ಆರೇ ಮೈಲಿ ಇರುವಾಗ ಕುದುರೆಯ ಹೆಜ್ಜೆ ಚೂರು ತಪ್ಪಿದ್ದನ್ನು ಕಂಡು ಕೆಳಗಿಳಿಯುವವನಿಗೆ ಬಕಲ್ ಸಿಗುವುದಿಲ್ಲ. ಮುಂದಿನ ವರ್ಷಕ್ಕೆ ಕುದುರೆ ಸಿಗುತ್ತದೆ.